113 ಸೆಕೆಂಡ್, 64 ಬಾರ್, ಒಂದೇ ಎಳೆ ಬಾಂಜೊ: ಲಿಲ್ ನ್ಯಾಸ್ ಎಕ್ಸ್ ಹಾಡುಗಳ ಹೊಲಿಗೆ

‘ಓಲ್ಡ್ ಟೌನ್ ರೋಡ್’ ಹಾಡಿನ ಮೊದಲ ಆವೃತ್ತಿಯ ಉದ್ದ 1 ನಿಮಿಷ 53 ಸೆಕೆಂಡ್. ಲಯ ನಿಮಿಷಕ್ಕೆ 136 ಬಡಿತ. ನಾಲ್ಕು ಬಡಿತಕ್ಕೆ ಒಂದು ಬಾರ್ ಎಂದರೆ ಒಂದೊಂದು ಬಾರ್‌ಗೆ ಸುಮಾರು 1.76 ಸೆಕೆಂಡ್ ಹಿಡಿಯುತ್ತದೆ. 113 ಸೆಕೆಂಡನ್ನು ಅದರಿಂದ ಭಾಗಿಸಿ ನೋಡಿ: 64 ಬಾರ್. ಎಂಟೆಂಟು ಬಾರ್‌ಗಳ ಎಂಟು ತುಂಡು, ಅಷ್ಟೇ. ಉದ್ದದ ಪೀಠಿಕೆ ಇಲ್ಲ, ನಡುವೆ ದಿಕ್ಕು ಬದಲಿಸುವ ಭಾಗ ಇಲ್ಲ, ಕೊನೆಯಲ್ಲಿ ಎಳೆದಾಟವೂ ಇಲ್ಲ. ಪಲ್ಲವಿಯಿಂದಲೇ ಶುರುವಾಗಿ ಪಲ್ಲವಿಯಲ್ಲೇ ನಿಲ್ಲುತ್ತದೆ.

ಇದನ್ನು ಹಾಡಿದ ಕಪ್ಪು ಗಾಯಕ ಮಾಂಟೆರೊ ಲಮಾರ್ ಹಿಲ್, ಅಂದರೆ ಲಿಲ್ ನ್ಯಾಸ್ ಎಕ್ಸ್, ಹುಟ್ಟಿದ್ದು 1999ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ. ಈ ಹಾಡು ಹೊರಬಂದಾಗ, 2018ರ ಡಿಸೆಂಬರ್ 3ರಂದು, ಆತನಿಗೆ 19 ವರ್ಷ. ಆತನ ಬಗ್ಗೆ ಬರೆಯುವವರೆಲ್ಲ ‘ಕಂಟ್ರಿಯನ್ನೂ ರ‍್ಯಾಪನ್ನೂ ಬೆರೆಸಿದವನು’ ಎನ್ನುತ್ತಾರೆ. (ಕಂಟ್ರಿ ಎಂದರೆ ಅಮೆರಿಕದ ಹಳ್ಳಿಗಾಡಿನ ಜನಪ್ರಿಯ ಸಂಗೀತ.) ಬೆರೆಸುವುದು ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಹಾಲಿಗೆ ಸಕ್ಕರೆ ಬೆರೆಸಿದರೆ ಯಾವುದು ಎಲ್ಲಿದೆ ಎಂದು ತೋರಿಸಲಾಗದು. ಈತನ ಹಾಡುಗಳಲ್ಲಿ ತೋರಿಸಬಹುದು. ಟ್ರ್ಯಾಪ್ (ಭಾರಿ ಬೇಸ್, ವೇಗದ ತಾಳದ ರ‍್ಯಾಪ್ ಬಗೆ) ಹಾಡಿನ ಮೈಯನ್ನು ಇದ್ದ ಹಾಗೇ ಬಿಟ್ಟು, ಬೇರೆ ಪ್ರಕಾರದಿಂದ ಒಂದೇ ಎಳೆ ತಂದು ಅದರ ಮೇಲೆ ಹೊಲಿದಿರುತ್ತಾನೆ. ಆ ಹೊಲಿಗೆ ಕಿವಿಗೆ ಎದ್ದು ಕೇಳಬೇಕು ಎಂಬುದೇ ಉದ್ದೇಶ. ಯಾವ ಎಳೆ, ಎಲ್ಲಿಂದ ಬಂತು, ಅದರ ಹಕ್ಕು ಯಾರದ್ದು, ಯಾವ ಪಟ್ಟಿ ಅದನ್ನು ಒಪ್ಪಿತು ಎಂದು ನೋಡುತ್ತ ಹೋದರೆ ಆತನ ವೃತ್ತಿಜೀವನದ ಮುಖ್ಯ ತಿರುವುಗಳೆಲ್ಲ ಅಲ್ಲೇ ಸಿಗುತ್ತವೆ.

ಬೀಟ್‌ನಿಂದಲೇ ಶುರು ಮಾಡೋಣ. ಬೀಟ್ ಎಂದರೆ ದನಿ ಬಿಟ್ಟು ಉಳಿದ ವಾದ್ಯಭಾಗ. ಅದರೊಳಗೆ ಇರುವುದು ಕೆಲವೇ ಸಾಮಾನು: ಕಿಕ್ (ದೊಡ್ಡ ಡ್ರಮ್), 808 ಬೇಸ್, ಸ್ನೇರ್ (ಚಟ್ ಎನ್ನುವ ಡ್ರಮ್), ಹೈ-ಹ್ಯಾಟ್ (ಜೋಡಿ ತಾಳ), ಮೇಲೆ ಬಾಂಜೊದಂತೆ ಮೀಟುವ ಒಂದು ಲೂಪ್ (ಮರುಕಳಿಸುವ ತುಣುಕು). ಸ್ನೇರ್ ಬೀಳುವುದು ಬಾರ್‌ನ ಮೂರನೇ ಬಡಿತಕ್ಕೆ ಮಾತ್ರ. ಹಾಗಾಗಿ ಕಂಪ್ಯೂಟರ್‌ನಲ್ಲಿ 136 ಎಂದಿದ್ದರೂ ಕಿವಿ ಅದನ್ನು 68 ಎಂದೇ ಹಿಡಿಯುತ್ತದೆ. ಈ ಇಬ್ಬಗೆಯೇ ಹಾಡಿಗೆ ದೊಡ್ಡ ಅನುಕೂಲ. ಹೈ-ಹ್ಯಾಟ್ ವೇಗದ ಲೆಕ್ಕದಲ್ಲಿ ಓಡುತ್ತಿರುತ್ತದೆ, ಹಾಡುವವನು ನಿಧಾನದ ಲೆಕ್ಕದಲ್ಲಿ ಅಕ್ಷರ ಎಳೆಯುತ್ತ ಆರಾಮವಾಗಿ ಬರುತ್ತಾನೆ. ಕುದುರೆ ನಡಿಗೆಯ ಭಾವ ಬರುವುದು ಬಾಂಜೊದಿಂದ ಎಂದು ಹಲವರು ಅಂದುಕೊಂಡಿದ್ದಾರೆ. ಅದರಲ್ಲಿ ಅರ್ಧ ಪಾಲು ಈ ಸ್ನೇರ್‌ನದ್ದು.

808 ಎಂದರೆ ಉದ್ದಕ್ಕೆ ಕಂಪಿಸುವ ಕಿಕ್. ಅದನ್ನು ಹಾಡಿನ ಶ್ರುತಿಗೆ ಕೂಡಿಸಬೇಕು. ಈ ಹಾಡಿನ ಆಧಾರ ಜಿ ಶಾರ್ಪ್. ಬೇಸ್‌ನ ಮಟ್ಟದಲ್ಲಿ ಅದು ಸುಮಾರು 52 ಹರ್ಟ್ಸ್. ಇಲ್ಲಿ ಹೊಸಬರು ಎರಡು ಕಡೆ ಎಡವುತ್ತಾರೆ. ಯಾವುದೋ ಹಳೆಯ ಧ್ವನಿಮುದ್ರಣದಿಂದ ತೆಗೆದ ತುಣುಕು ಪಿಯಾನೋದ ಶ್ರುತಿಗೆ ಕರಾರುವಾಕ್ಕಾಗಿ ಕೂತಿರುವುದಿಲ್ಲ, ಕೂದಲೆಳೆಯಷ್ಟು ಆಚೀಚೆ ಇರುತ್ತದೆ. 808 ಮಾತ್ರ ಕಂಪ್ಯೂಟರಿನ ಶ್ರುತಿಯಲ್ಲಿ ಇರುತ್ತದೆ. ಎರಡನ್ನೂ ಕೂಡಿಸಿದರೆ ಒಂದು ಅಲೆಯಾಟ ಹುಟ್ಟುತ್ತದೆ. ಏನೋ ಸರಿಯಿಲ್ಲ ಎನಿಸುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಮೊದಲು ತುಣುಕನ್ನು ಟ್ಯೂನರ್‌ಗೆ ಹಾಕಿ ಎಷ್ಟು ಸೆಂಟ್ (ಶ್ರುತಿಯ ಸಣ್ಣ ಅಳತೆ) ಆಚೀಚೆ ಇದೆ ಎಂದು ನೋಡಿ ಸರಿಪಡಿಸಿ, ಆಮೇಲೆ ಬೇಸ್ ಹಾಕಬೇಕು. ಎರಡನೆಯದು, 52 ಹರ್ಟ್ಸ್ ಫೋನಿನ ಸ್ಪೀಕರ್‌ನಲ್ಲಿ ಕೇಳುವುದೇ ಇಲ್ಲ. ಆದ್ದರಿಂದ 808ಕ್ಕೆ ಸ್ವಲ್ಪ ಡಿಸ್ಟಾರ್ಶನ್ ಕೊಟ್ಟು 104, 156, 208 ಹರ್ಟ್ಸ್‌ನಂಥ ಮೇಲಿನ ಅನುಸ್ವರಗಳನ್ನು ಎಬ್ಬಿಸುತ್ತಾರೆ. ಮೂಲ ಸ್ವರ ಕೇಳದಿದ್ದರೂ ಇವುಗಳ ಆಧಾರದ ಮೇಲೆ ಕಿವಿಯೇ ಅದನ್ನು ಊಹಿಸಿಕೊಳ್ಳುತ್ತದೆ. ಫೋನಿನಲ್ಲೇ ಗೆಲ್ಲಬೇಕಾದ ಹಾಡಿಗೆ ಇದು ಇಲ್ಲದೆ ಆಗದು.

ಮೀಟುವ ವಾದ್ಯದ ತುಣುಕಿಗೆ ಇನ್ನೊಂದು ಕಷ್ಟವಿದೆ. ಲಯ ಹೊಂದಿಸಲು ಅದನ್ನು ಎಳೆದರೆ ಅಥವಾ ಕುಗ್ಗಿಸಿದರೆ ಮೀಟಿದ ಕ್ಷಣದ ‘ಟಣ್’ ಮಸುಕಾಗುತ್ತದೆ. ಬಾಂಜೊಗೆ ಆ ಪೆಟ್ಟೇ ಜೀವ. ಇಡೀ ತುಣುಕನ್ನು ಒಟ್ಟಿಗೆ ಎಳೆಯುವ ಬದಲು ಪ್ರತಿ ಮೀಟಿನ ಹತ್ತಿರ ಕತ್ತರಿಸಿ, ಒಂದೊಂದನ್ನೂ ತಾಳದ ಗೆರೆಯ ಮೇಲೆ ಕೂರಿಸಿದರೆ ಪೆಟ್ಟು ಉಳಿಯುತ್ತದೆ. ತುಣುಕಿನ ಕೆಳಭಾಗವನ್ನು, ಸುಮಾರು 150 ಹರ್ಟ್ಸ್‌ಗಿಂತ ಕೆಳಗಿರುವುದನ್ನು, ತೆಗೆದುಹಾಕಬೇಕು. ಇಲ್ಲದಿದ್ದರೆ ಅದರೊಳಗಿನ ಹಳೆಯ ಬೇಸ್ ಹೊಸ 808ರ ಜತೆ ಜಗಳಕ್ಕೆ ನಿಲ್ಲುತ್ತದೆ.

ಈ ಹಾಡಿನ ಬಾಂಜೊ ತುಣುಕು ಬಂದದ್ದು ಯಾವ ಕಂಟ್ರಿ ಗಾಯಕನಿಂದಲೂ ಅಲ್ಲ. ಟ್ರೆಂಟ್ ರೆಝ್ನರ್ ಅವರ ನೈನ್ ಇಂಚ್ ನೈಲ್ಸ್ 2008ರ ಮಾರ್ಚ್‌ನಲ್ಲಿ ಹೊರತಂದ ‘ಘೋಸ್ಟ್ಸ್ 1–4’ ಎಂಬ 36 ವಾದ್ಯರಚನೆಗಳ ಸಂಗ್ರಹದಲ್ಲಿ ‘34 ಘೋಸ್ಟ್ಸ್ 4’ ಎಂಬ ರಚನೆ ಇದೆ. ಕತ್ತಲು, ಯಂತ್ರದ ಸದ್ದು, ಗದ್ದಲದ ರಾಕ್‌ಗೆ ಹೆಸರಾದ ತಂಡ ಅದು. ಅದನ್ನು ಬೀಟ್ ಆಗಿ ಕಟ್ಟಿದವನು ಯಂಗ್‌ಕಿಯೊ ಎಂಬ ಹೆಸರಿನಲ್ಲಿ ಕೆಲಸ ಮಾಡುವ ನೆದರ್ಲೆಂಡ್ಸ್‌ನ ಯುವಕ. ಡಚ್ ಹುಡುಗನೊಬ್ಬ ಇಂಡಸ್ಟ್ರಿಯಲ್ ರಾಕ್ ತಂಡದ ತುಣುಕಿನಿಂದ ಕಟ್ಟಿದ ಟ್ರ್ಯಾಪ್ ಬೀಟ್ ಇದು. ಅದರಲ್ಲಿ ಕಂಟ್ರಿ ಕೇಳಿಸಿದ್ದು ಅಟ್ಲಾಂಟಾ ಸುತ್ತಮುತ್ತ ಬೆಳೆದ ಗಾಯಕನಿಗೆ. ಈ ಹಾಡಿನ ಬಗ್ಗೆ ನನಗೆ ಅತ್ಯಂತ ಇಷ್ಟವಾದ ಸಂಗತಿ ಇದೇ.

ಆತ ಆ ಬೀಟನ್ನು ಕೊಂಡದ್ದು ಬೀಟ್‌ಸ್ಟಾರ್ಸ್ ತಾಣದಲ್ಲಿ, 30 ಡಾಲರ್‌ಗೆ. ಈ ವ್ಯಾಪಾರದಲ್ಲಿ ಕೊಳ್ಳುವುದು ಎಂದರೆ ಸಾಮಾನ್ಯವಾಗಿ ಲೀಸ್. ಬೀಟ್ ಮಾಡಿದವನೇ ಮಾಲೀಕನಾಗಿ ಉಳಿಯುತ್ತಾನೆ; ಅದೇ ಬೀಟನ್ನು ಇನ್ನೂ ಹತ್ತು ಜನಕ್ಕೆ ಕೊಡಬಹುದು. ಲೀಸ್‌ನಲ್ಲಿ ಎಷ್ಟು ಸ್ಟ್ರೀಮ್, ಎಷ್ಟು ಪ್ರತಿ ಎಂಬ ಮಿತಿಯೂ ಇರುತ್ತದೆ. ಅಗ್ಗದ ಲೀಸ್‌ನಲ್ಲಿ ಸಿಗುವುದು ಎಲ್ಲ ವಾದ್ಯಗಳೂ ಒಟ್ಟಾಗಿ ಬೆಸೆದುಹೋದ ಒಂದೇ ಫೈಲ್. ಕಿಕ್ ಬೇರೆ, ಬೇಸ್ ಬೇರೆ, ಬಾಂಜೊ ಬೇರೆ ಎಂದು ಕೈಗೆ ಬರುವುದಿಲ್ಲ. ಹಾಗಾದಾಗ ದನಿಗೆ ಜಾಗ ಮಾಡುವುದು ಕಷ್ಟ. ಬಾಂಜೊವನ್ನಷ್ಟೇ ತಗ್ಗಿಸಲು ಬರುವುದಿಲ್ಲ. ಮಾಡಬಹುದಾದದ್ದು ಇಷ್ಟು: ದನಿ ಬಂದಾಗ ಮಾತ್ರ ಬೀಟ್‌ನ 2ರಿಂದ 4 ಕಿಲೊಹರ್ಟ್ಸ್ ಪಟ್ಟಿಯನ್ನು ಎರಡು ಮೂರು ಡೆಸಿಬೆಲ್ ಇಳಿಸುವ ಡೈನಾಮಿಕ್ ಇಕ್ಯೂ ಹಾಕುವುದು. ಅದಕ್ಕಿಂತ ಹೆಚ್ಚು ಇಳಿಸಿದರೆ ಹಾಡುವವನು ಬಾಯಿ ತೆರೆದಾಗಲೆಲ್ಲ ಬೀಟ್ ಕುಸಿದಂತೆ ಕೇಳುತ್ತದೆ.

ಆತ ಹಾಡಿದ್ದು ಅಟ್ಲಾಂಟಾದ ಸ್ಟುಡಿಯೊ ಒಂದರಲ್ಲಿ, ಮಂಗಳವಾರದ 20 ಡಾಲರ್ ರಿಯಾಯಿತಿ ದರದಲ್ಲಿ, ಒಂದು ಗಂಟೆಯೊಳಗೆ. ಅಷ್ಟು ಕಡಿಮೆ ಹೊತ್ತು ಸಾಕಾದದ್ದು ಏಕೆಂದು ಕೇಳಿದರೆ ತಿಳಿಯುತ್ತದೆ: ಪಲ್ಲವಿಯ ರಾಗ ಕೆಲವೇ ಸ್ವರಗಳೊಳಗೆ ಸುತ್ತುತ್ತದೆ, ಎಲ್ಲೂ ದನಿಯನ್ನು ಹಿಗ್ಗಿಸಬೇಕಾಗಿಲ್ಲ. ಕಂಟ್ರಿ ಅನಿಸುವುದು ಉಚ್ಚಾರದಲ್ಲಿ, ದಕ್ಷಿಣದವರು ಸ್ವರಾಕ್ಷರ ಎಳೆಯುವ ರೀತಿಯಲ್ಲಿ. ಪದಗಳಲ್ಲಿ ಕುದುರೆಯೂ ಟ್ರ್ಯಾಕ್ಟರೂ ಇವೆ, ಪಕ್ಕದಲ್ಲೇ ಪೋರ್ಶೆ ಕಾರೂ ಇದೆ.

ಈಗ ಹಕ್ಕಿನ ಮಾತು. ‘ಘೋಸ್ಟ್ಸ್’ ಹೊರಬಂದದ್ದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಅಡಿಯಲ್ಲಿ. ಅದನ್ನು ಕೇಳಿ ‘ಹಾಗಾದರೆ ಯಾರು ಬೇಕಾದರೂ ಬಳಸಬಹುದಲ್ಲ’ ಎಂದುಕೊಳ್ಳುವವರಿದ್ದಾರೆ. ಅದು ತಪ್ಪು. ಆ ಪರವಾನಗಿಯಲ್ಲಿ ಮೂರು ಷರತ್ತುಗಳಿದ್ದವು: ಹೆಸರು ಹೇಳಬೇಕು, ವ್ಯಾಪಾರಕ್ಕೆ ಬಳಸಬಾರದು, ನೀವು ಮಾಡಿದ್ದನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು. ಮಾರುವ ಹಾಡಿಗೆ ಬೇರೆಯೇ ಅನುಮತಿ ಬೇಕು. ಅದೂ ಎರಡು: ಧ್ವನಿಮುದ್ರಣದ ಹಕ್ಕು ಒಂದು, ಸಂಗೀತ ರಚನೆಯ ಹಕ್ಕು ಇನ್ನೊಂದು. 30 ಡಾಲರ್‌ನ ಲೀಸ್ ಇವೆರಡರಲ್ಲಿ ಯಾವುದನ್ನೂ ಕೊಡುವುದಿಲ್ಲ. ತನ್ನದಲ್ಲದ್ದನ್ನು ಬೀಟ್ ಮಾಡಿದವನು ಕೊಡಲು ಹೇಗೆ ಸಾಧ್ಯ? 2019ರ ಮಾರ್ಚ್‌ನಲ್ಲಿ ಕೊಲಂಬಿಯಾ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿ ಲಿಲ್ ನ್ಯಾಸ್ ಎಕ್ಸ್‌ನನ್ನು ಸೇರಿಸಿಕೊಂಡಿತು. ಅನುಮತಿ ಪಡೆಯುವ ಕೆಲಸ ಆದದ್ದು ಹಾಡು ಓಡತೊಡಗಿದ ಮೇಲೆ, ತರಾತುರಿಯಲ್ಲಿ. ರೆಝ್ನರ್ ಅಡ್ಡ ನಿಲ್ಲಲಿಲ್ಲ. ಅವರ ಮತ್ತು ಅವರ ಜತೆಗಾರ ಅಟಿಕಸ್ ರಾಸ್ ಅವರ ಹೆಸರು ಹಾಡಿನ ರಚನಕಾರರ ಪಟ್ಟಿಯಲ್ಲೂ ನಿರ್ಮಾಪಕರ ಪಟ್ಟಿಯಲ್ಲೂ ಸೇರಿತು. ಮೂಲದವರು ಒಪ್ಪದಿದ್ದರೆ ಹಾಡನ್ನೇ ಹಿಂತೆಗೆಯಬೇಕಾಗುತ್ತಿತ್ತು. ಬೀಟ್ ಲೀಸ್‌ಗೆ ತೆಗೆದುಕೊಳ್ಳುವ ಯಾರೇ ಆದರೂ ದುಡ್ಡು ಕೊಡುವ ಮೊದಲು ಬರಹದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ‘ಇದರಲ್ಲಿ ಬೇರೆಯವರ ಸ್ಯಾಂಪಲ್, ಅಂದರೆ ಅವರ ಧ್ವನಿಮುದ್ರಣದ ತುಣುಕು, ಇದೆಯೇ?’

ಹಾಡು ಹಬ್ಬಿದ್ದು ಟಿಕ್‌ಟಾಕ್‌ನಲ್ಲಿ. ಆಗ ಅಲ್ಲಿ ಚಾಲ್ತಿಯಲ್ಲಿದ್ದ ತುಣುಕಿನ ಉದ್ದ 15 ಸೆಕೆಂಡ್. ಮತ್ತೆ ಲೆಕ್ಕಕ್ಕೆ ಬನ್ನಿ: ಎಂಟು ಬಾರ್ ಎಂದರೆ 14.1 ಸೆಕೆಂಡ್. ಬರಿಯ ಬಾಂಜೊ ಮತ್ತು ದನಿಯ ಕೆಲವು ಬಾರ್, ಆಮೇಲೆ ಡ್ರಮ್ ದೊಪ್ಪನೆ ಬೀಳುವ ಕೆಲವು ಬಾರ್, ಎರಡೂ ಒಂದು ವಿಡಿಯೊದಲ್ಲಿ ಹಿಡಿಸುತ್ತವೆ. ಜನ ಮಾಡಿದ್ದೂ ಅದನ್ನೇ. ಮೊದಲು ಮಾಮೂಲಿ ಬಟ್ಟೆ. ಡ್ರಮ್ ಬಿದ್ದ ಗಳಿಗೆಯಲ್ಲಿ ಕೌಬಾಯ್ ಟೋಪಿ, ಬೂಟು. ಮೊದಲ ಪಲ್ಲವಿ ಡ್ರಮ್ ಇಲ್ಲದೆ ಇರುವುದರಿಂದಲೇ ಈ ವೇಷ ಬದಲಾವಣೆಗೆ ಜಾಗ ಸಿಕ್ಕಿತು. ಆರಂಭದಿಂದಲೇ ಡ್ರಮ್ ಹಾಕಿದ್ದರೆ ಎಲ್ಲಿ ಬದಲಾಗಬೇಕು ಎಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಆತ ಅದಕ್ಕೂ ಮುಂಚೆ ವರ್ಷಗಟ್ಟಲೆ ಟ್ವಿಟರ್‌ನಲ್ಲಿ ಮೀಮ್‌ಗಳನ್ನು ಹಬ್ಬಿಸಿ ಪಳಗಿದವನು. ಹಾಡಿಗೆ ಮೊದಲು ಹಾಕಿದ ವಿಡಿಯೊ ಕೂಡ ‘ರೆಡ್ ಡೆಡ್ ರಿಡೆಂಪ್ಶನ್ 2’ ಎಂಬ, ಆಗಷ್ಟೇ ಬಂದಿದ್ದ ಕೌಬಾಯ್ ಆಟದ ದೃಶ್ಯಗಳದ್ದು.

ಚಿಕ್ಕದಾಗಿದ್ದರ ಲಾಭ ಸ್ಟ್ರೀಮಿಂಗ್‌ನಲ್ಲೂ ಕಾಣುತ್ತದೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್. ಹಾಡು ಎರಡು ನಿಮಿಷದ್ದಿರಲಿ, ಐದು ನಿಮಿಷದ್ದಿರಲಿ, ಲೆಕ್ಕ ಒಂದೇ. ಒಂದು ಗಂಟೆಯಲ್ಲಿ 113 ಸೆಕೆಂಡಿನ ಹಾಡು 31 ಸಲ ಪೂರ್ತಿ ಮುಗಿಯುತ್ತದೆ. ಮೂರೂವರೆ ನಿಮಿಷದ ಹಾಡು 17 ಸಲ.

ಇನ್ನು ಚಾರ್ಟ್, ಅಂದರೆ ಜನಪ್ರಿಯ ಹಾಡುಗಳ ವಾರದ ಪಟ್ಟಿ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಲೆಕ್ಕವನ್ನು ಹೇಳುವವರು ಕಡಿಮೆ. ಹಾಡನ್ನು ಸೌಂಡ್‌ಕ್ಲೌಡ್‌ಗೂ ಐಟ್ಯೂನ್ಸ್‌ಗೂ ಹಾಕುವಾಗ ‘ಪ್ರಕಾರ’ ಎಂದು ಒಂದು ಖಾನೆ ತುಂಬಬೇಕು. ಆತ ಅಲ್ಲಿ ಕಂಟ್ರಿ ಎಂದು ತುಂಬಿದ. 2019ರ ಮಾರ್ಚ್ 16ರ ಬಿಲ್‌ಬೋರ್ಡ್ ಪಟ್ಟಿಗಳಲ್ಲಿ ಹಾಡು ಒಂದೇ ವಾರ ಮೂರು ಕಡೆ ಕಾಣಿಸಿತು: ಎಲ್ಲ ಪ್ರಕಾರದ ಹಾಡುಗಳೂ ಸೇರುವ ಹಾಟ್ 100ರಲ್ಲಿ 83ನೇ ಸ್ಥಾನ, ಆರ್ ಆ್ಯಂಡ್ ಬಿ/ಹಿಪ್-ಹಾಪ್ ಪಟ್ಟಿಯಲ್ಲಿ 36, ಕಂಟ್ರಿ ಪಟ್ಟಿಯಲ್ಲಿ 19. ಕೇಳಿದವರು ಅವರೇ, ಸ್ಟ್ರೀಮ್‌ಗಳೂ ಅವೇ. ಸ್ಥಾನ ಮಾತ್ರ ಬೇರೆ. ಕಾರಣ ಸರಳ. ರ‍್ಯಾಪ್ ಕೇಳುವವರು ಸ್ಟ್ರೀಮಿಂಗ್‌ಗೆ ಬೇಗ ಬಂದರು, ಆ ಪಟ್ಟಿಯಲ್ಲಿ ನೂಕುನುಗ್ಗಲು. ಕಂಟ್ರಿ ಕೇಳುವವರು ಬಹುಪಾಲು ರೇಡಿಯೊದಲ್ಲೇ ಉಳಿದಿದ್ದರು; ಆ ಪಟ್ಟಿಯಲ್ಲಿ ಅಷ್ಟೇ ಸ್ಟ್ರೀಮ್‌ಗೆ ಹೆಚ್ಚು ಎತ್ತರ ಸಿಗುತ್ತದೆ.

ಬಿಲ್‌ಬೋರ್ಡ್ ಅದನ್ನು ಕಂಟ್ರಿ ಪಟ್ಟಿಯಿಂದ ತೆಗೆದುಹಾಕಿತು. ಇಂದಿನ ಕಂಟ್ರಿ ಸಂಗೀತದ ಅಂಶಗಳು ಇದರಲ್ಲಿ ಸಾಕಷ್ಟಿಲ್ಲ ಎಂಬುದು ಕೊಟ್ಟ ಕಾರಣ. ಈ ತೀರ್ಮಾನ ಅನ್ಯಾಯದ್ದು ಎಂದೇ ನನ್ನ ಅಭಿಪ್ರಾಯ. 808 ಮತ್ತು ಹೈ-ಹ್ಯಾಟ್ ಇದ್ದ ಮಾತ್ರಕ್ಕೆ ಕಂಟ್ರಿ ಅಲ್ಲ ಎನ್ನುವುದಾದರೆ, ಅದೇ ವರ್ಷಗಳಲ್ಲಿ ಬಿಳಿಯ ಕಂಟ್ರಿ ಗಾಯಕರು ಟ್ರ್ಯಾಪ್ ಡ್ರಮ್ ಹಾಕಿಕೊಂಡು ಮಾಡಿದ ಎಷ್ಟೋ ಹಾಡುಗಳೂ ಆ ಪಟ್ಟಿಯಲ್ಲಿ ಇರಬಾರದಿತ್ತು. ಬಾಂಜೊ ವಾದ್ಯವನ್ನೇ ಅಮೆರಿಕಕ್ಕೆ ತಂದವರು ಆಫ್ರಿಕಾದಿಂದ ಗುಲಾಮರಾಗಿ ಬಂದವರು ಎಂಬುದನ್ನೂ ಇಲ್ಲಿ ಮರೆಯಬಾರದು.

ಏಪ್ರಿಲ್ 5ರಂದು ಬಿಲ್ಲಿ ರೇ ಸೈರಸ್ ಹಾಡಿದ ರೀಮಿಕ್ಸ್ ಬಂತು. ಅದರ ಉದ್ದ 2 ನಿಮಿಷ 37 ಸೆಕೆಂಡ್. ಮೂಲಕ್ಕಿಂತ 44 ಸೆಕೆಂಡ್, ಅಂದರೆ ಸುಮಾರು 25 ಬಾರ್ ಹೆಚ್ಚು. ಸೈರಸ್ 1990ರ ದಶಕದಲ್ಲೇ ಕಂಟ್ರಿಯಲ್ಲಿ ದೊಡ್ಡ ಹೆಸರು. ಅವರ ದನಿ ಸೇರಿದ ಮೇಲೂ ಕಂಟ್ರಿ ರೇಡಿಯೊ ಬಾಗಿಲು ತೆರೆಯಲಿಲ್ಲ. ಅಲ್ಲಿನ ಪ್ರಸಾರದ ಪಟ್ಟಿಯಲ್ಲಿ ಹಾಡು ಮೊದಲ ನಲವತ್ತರೊಳಗೆ ಬರಲೇ ಇಲ್ಲ. ಆದರೆ ಹಾಟ್ 100ರಲ್ಲಿ ಏಪ್ರಿಲ್ 13ರ ಪಟ್ಟಿಯಲ್ಲೇ ಮೊದಲ ಸ್ಥಾನ ಸಿಕ್ಕಿತ್ತು. ಮುಂದಿನ ವಾರ ಅಮೆರಿಕ ಒಂದರಲ್ಲೇ 14.3 ಕೋಟಿ ಸ್ಟ್ರೀಮ್.

ಅಲ್ಲಿಂದ 19 ವಾರ ಹಾಡು ಕೆಳಗಿಳಿಯಲಿಲ್ಲ. ಅದಕ್ಕೆ ಮೊದಲು ಯಾವ ಹಾಡೂ 16 ವಾರ ದಾಟಿರಲಿಲ್ಲ. ಇದರ ಹಿಂದೆ ಒಂದು ನಿಯಮ ಕೆಲಸ ಮಾಡಿದೆ. ಒಂದೇ ಹಾಡಿನ ರೀಮಿಕ್ಸ್‌ಗಳನ್ನು ಬಿಲ್‌ಬೋರ್ಡ್ ಮೂಲದ ಜತೆ ಕೂಡಿಸಿ ಎಣಿಸುತ್ತದೆ. ಜನರ ಆಸಕ್ತಿ ಇಳಿಯುವ ಹೊತ್ತಿಗೆ ಹೊಸದೊಂದು ಆವೃತ್ತಿ ಬಂದರೆ ಅದರ ಕೇಳುಗರೆಲ್ಲ ಹಳೆಯ ಖಾತೆಗೇ ಜಮೆ. ಏಪ್ರಿಲ್ ಕೊನೆಗೆ ಡಿಪ್ಲೊ, ಮೇ 17ಕ್ಕೆ ದೊಡ್ಡ ವಿಡಿಯೊ, ಜುಲೈನಲ್ಲಿ ಯಂಗ್ ಥಗ್ ಮತ್ತು ಮೇಸನ್ ರ‍್ಯಾಮ್ಸಿ, ಅದೇ ತಿಂಗಳು ಬಿಟಿಎಸ್ ತಂಡದ ಆರ್‌ಎಂ. ಪ್ರತಿಯೊಬ್ಬರೂ ಬೇರೆ ಬೇರೆ ಕೇಳುಗರ ಗುಂಪನ್ನು ಕರೆತಂದರು. ಕೊನೆಗೆ ಆಗಸ್ಟ್ 24ರ ಪಟ್ಟಿಯಲ್ಲಿ ಬಿಲ್ಲಿ ಐಲಿಷ್ ಅವರ ‘ಬ್ಯಾಡ್ ಗೈ’ ಮೇಲೆ ಬಂತು. ನವೆಂಬರ್‌ನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್ ಇದೇ ರೀಮಿಕ್ಸ್‌ಗೆ ಪ್ರಶಸ್ತಿ ಕೊಟ್ಟಿತು. 2020ರ ಜನವರಿಯಲ್ಲಿ ಎರಡು ಗ್ರ್ಯಾಮಿಗಳು ಬಂದವು.

ನಂತರದ ಹಾಡುಗಳಲ್ಲೂ ಅದೇ ಸೂತ್ರ: ಮೈ ಟ್ರ್ಯಾಪ್, ಎಳೆ ಬೇರೆಯದು. 2019ರ ಜೂನ್‌ನ ‘ಪನೀನಿ’ಯಲ್ಲಿ ಆ ಎಳೆ ಹಾಡುವ ರಾಗವೇ. ನಿರ್ವಾಣ ತಂಡದ ‘ಇನ್ ಬ್ಲೂಮ್’ನ ಪಲ್ಲವಿಗೆ ಅದು ಹತ್ತಿರ ಇದ್ದುದರಿಂದ ಕರ್ಟ್ ಕೋಬೇನ್ ಹೆಸರು ರಚನಕಾರರಲ್ಲಿ ಸೇರಿದೆ. ಇಲ್ಲಿ ಧ್ವನಿಮುದ್ರಣ ಬಳಸಿಲ್ಲ, ರಾಗವನ್ನು ಹೊಸದಾಗಿ ಹಾಡಲಾಗಿದೆ. ಇದಕ್ಕೆ ಇಂಟರ್‌ಪೊಲೇಶನ್ ಎನ್ನುತ್ತಾರೆ. ರಚನೆಯ ಹಕ್ಕೊಂದೇ ಸಾಕು, ಧ್ವನಿಮುದ್ರಣದ ಹಕ್ಕು ಬೇಕಿಲ್ಲ. ಸ್ಯಾಂಪಲ್‌ಗಿಂತ ಒಂದು ಬಾಗಿಲು ಕಡಿಮೆ ತಟ್ಟಬೇಕು.

2021ರ ಮಾರ್ಚ್‌ನ ‘ಮಾಂಟೆರೊ’ದಲ್ಲಿ ಎಳೆ ಸ್ಪೇನಿನ ಫ್ಲಮೆಂಕೊ ಬಗೆಯ ಗಿಟಾರ್. ಫ್ಲಮೆಂಕೊದ ಗುರುತು ಆಧಾರ ಸ್ವರದಿಂದ ಅರ್ಧ ಮೆಟ್ಟಿಲು ಮೇಲಿನ ಸ್ವರ, ಅದರ ಜತೆ ದೊಡ್ಡ ಗಾಂಧಾರ. ಕರ್ನಾಟಕ ಸಂಗೀತ ಬಲ್ಲವರಿಗೆ ಇದು 14ನೇ ಮೇಳ ವಕುಳಾಭರಣದ ಸ್ವರಗುಚ್ಛ ಎಂದರೆ ಕೂಡಲೇ ಕಿವಿಗೆ ಸಿಗುತ್ತದೆ. ಹಾಡು ಹೊರಬಂದ ವಾರವೇ ಮೊದಲ ಸ್ಥಾನಕ್ಕೆ ಹೋಯಿತು. ಜುಲೈನಲ್ಲಿ ಜ್ಯಾಕ್ ಹಾರ್ಲೊ ಜತೆ ಬಂದ ‘ಇಂಡಸ್ಟ್ರಿ ಬೇಬಿ’ಯಲ್ಲಿ ಎಳೆ ಹಿತ್ತಾಳೆ ವಾದ್ಯಗಳದ್ದು, ಅಮೆರಿಕದ ಕಾಲೇಜುಗಳ ಮಾರ್ಚಿಂಗ್ ಬ್ಯಾಂಡ್ ನೆನಪಿಸುವಂಥದ್ದು. ಆತನ ಹಾಡುಗಳಲ್ಲಿ ಕೆಲಸಗಾರಿಕೆಯ ದೃಷ್ಟಿಯಿಂದ ಇದು ಅತ್ಯುತ್ತಮ ಎನ್ನುತ್ತೇನೆ. ಹಿತ್ತಾಳೆ ವಾದ್ಯಗಳು ಮಧ್ಯದ ಮಟ್ಟದಲ್ಲಿ ಗಟ್ಟಿಯಾಗಿ ಕೂರುತ್ತವೆ, ಹಾಡುವವನ ದನಿಯೂ ಅಲ್ಲೇ. ಆದ್ದರಿಂದ ಎರಡನ್ನೂ ಒಟ್ಟಿಗೆ ಬಿಟ್ಟರೆ ಗಲಿಬಿಲಿ. ಕಹಳೆಯ ಸಾಲು ಮಾತಿನ ಸಾಲುಗಳ ಸಂದಿಯಲ್ಲಿ ಉತ್ತರ ಕೊಡುವಂತೆ ಬರಬೇಕು. ಪಲ್ಲವಿಯಲ್ಲಿ ಮಾತ್ರ ಪೂರ್ತಿ ತೆರೆದುಕೊಳ್ಳಬೇಕು. ಹೆಡ್‌ಫೋನ್ ಹಾಕಿ ಕೇಳಿದರೆ ಈ ಸರದಿ ಸ್ಪಷ್ಟ.

ಆ ವರ್ಷದ ಸೆಪ್ಟೆಂಬರ್ 17ರಂದು ಬಂದ ‘ಮಾಂಟೆರೊ’ ಆಲ್ಬಂ 15 ಹಾಡುಗಳದ್ದು, ಬಿಲ್‌ಬೋರ್ಡ್ 200ರಲ್ಲಿ ಎರಡನೇ ಸ್ಥಾನ. ಅದರ ದ್ವಿತೀಯಾರ್ಧದಲ್ಲಿ ಸೂತ್ರ ಸಡಿಲಾಗುತ್ತದೆ. ಅಲ್ಲಿ ಗಿಟಾರ್ ಎಳೆಯಲ್ಲ, ಹಾಡಿನ ಮೈಯೇ ಗಿಟಾರ್. ಟ್ರ್ಯಾಪ್ ಹಿಂದೆ ಸರಿದಿದೆ, ದನಿಯಲ್ಲಿ ನೋವಿದೆ. ಅವು ಒಳ್ಳೆಯ ಹಾಡುಗಳು, ಆದರೆ ಹೊಲಿಗೆ ಕಾಣದ್ದರಿಂದ ‘ಇದು ಈತನದೇ’ ಎಂದು ಎರಡೇ ಸೆಕೆಂಡಿನಲ್ಲಿ ಗುರುತು ಸಿಗುವುದಿಲ್ಲ. 2024ರ ಜನವರಿಯ ‘ಜೆ ಕ್ರೈಸ್ಟ್’ನಲ್ಲಿ ಕಷ್ಟ ಬೇರೆ. ಅಲ್ಲಿ ಬೇರೆ ಪ್ರಕಾರದ ಎಳೆಯೇ ಕಿವಿಗೆ ಸಿಗುವುದಿಲ್ಲ. ಅಚ್ಚರಿಯೆಲ್ಲ ವಿಡಿಯೊಗೆ ಹೋಗಿದೆ. ಕಣ್ಣು ಮುಚ್ಚಿ ಕೇಳಿದರೆ ಉಳಿಯುವುದು ಬರಿಯ ಬೀಟ್.

ಅದೇ 2024ರಲ್ಲಿ ಶಬೂಝಿ ಎಂಬ ಇನ್ನೊಬ್ಬ ಕಪ್ಪು ಗಾಯಕನ ‘ಎ ಬಾರ್ ಸಾಂಗ್’ ಹಾಟ್ 100ರ ತುದಿಯಲ್ಲಿ ಸರಿಯಾಗಿ 19 ವಾರ ನಿಂತಿತು. ಅದರ ಪಲ್ಲವಿ 2004ರ ‘ಟಿಪ್ಸಿ’ ಎಂಬ ರ‍್ಯಾಪ್ ಹಾಡಿನ ಇಂಟರ್‌ಪೊಲೇಶನ್. ಇಲ್ಲಿ ಹೊಲಿಗೆ ತಿರುವುಮುರುವು: ಮೈ ಕಂಟ್ರಿ, ಎಳೆ ರ‍್ಯಾಪ್. ಬಿಲ್‌ಬೋರ್ಡ್ ಅದನ್ನು ಕಂಟ್ರಿ ಪಟ್ಟಿಯಿಂದ ತೆಗೆಯಲಿಲ್ಲ, ಕಂಟ್ರಿ ರೇಡಿಯೊದ ಪಟ್ಟಿಯಲ್ಲೂ ಹಾಡು ಮೊದಲ ಸ್ಥಾನಕ್ಕೆ ಹೋಯಿತು.